ಗೋಬಿ ಮಂಚೂರಿಯ ಕೆಂಪು: 2024ರ ಬಣ್ಣ ನಿಷೇಧದ ಪ್ರಕರಣ ಅಧ್ಯಯನ

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಕಾಟನ್ ಕ್ಯಾಂಡಿಗೆ (ಬಾಂಬೆ ಮಿಠಾಯಿಗೆ) ರೋಡಮೈನ್-ಬಿ ಎಂಬ ಕಾರ್ಖಾನೆ ಬಣ್ಣ ಬೆರೆಸುವುದನ್ನೂ ಕರ್ನಾಟಕದಲ್ಲಿ ನಿಷೇಧಿಸಲಾಗಿದೆ ಎಂದು ಪ್ರಕಟಿಸಿದರು. ಅದಕ್ಕೆ ಮೊದಲು ಇಲಾಖೆ ರಾಜ್ಯದ ನಾನಾ ಕಡೆಗಳಿಂದ ಗೋಬಿಯ 171 ಮಾದರಿ ಎತ್ತಿತ್ತು. 107ರಲ್ಲಿ ಬಣ್ಣ ಸಿಕ್ಕಿತು, 64ರಲ್ಲಿ ಇರಲಿಲ್ಲ. ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ ಎಂದು ಬಂತು. ಪತ್ತೆಯಾದ ಬಣ್ಣಗಳು ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಮತ್ತು ರೋಡಮೈನ್-ಬಿ. ತಪ್ಪಿದವರಿಗೆ 7 ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷ ರೂಪಾಯಿ ದಂಡ ಎಂಬ ಎಚ್ಚರಿಕೆಯೂ ಜೊತೆಗಿತ್ತು. ಸಂಜೆಯೊಳಗೆ "ಗೋಬಿ ಬ್ಯಾನ್ ಆಯ್ತಂತೆ" ಎಂಬ ಮಾತು ಊರೆಲ್ಲ ಹಬ್ಬಿತು. ಬ್ಯಾನ್ ಆಗಿದ್ದು ಗೋಬಿಯಲ್ಲ, ಅದರ ಬಣ್ಣ. ಬಣ್ಣ ಹಾಕದ ಬಿಳಿ ಬಾಂಬೆ ಮಿಠಾಯಿಗೂ ಅಡ್ಡಿ ಇರಲಿಲ್ಲ.

ಇದು ಒಂದೇ ದಿನದಲ್ಲಿ ಹುಟ್ಟಿದ ಸುದ್ದಿಯಲ್ಲ. ಆ ಫೆಬ್ರವರಿಯಲ್ಲಿ ಪುದುಚೇರಿ, ಅದರ ಬೆನ್ನಿಗೇ ತಮಿಳುನಾಡು, ರೋಡಮೈನ್-ಬಿ ಸಿಕ್ಕಿತೆಂದು ಕಾಟನ್ ಕ್ಯಾಂಡಿಯನ್ನು ನಿಷೇಧಿಸಿದ್ದವು. ಗೋವಾದ ಮಾಪುಸಾ ನಗರಸಭೆ ಇನ್ನೂ ಮುಂದೆ ಹೋಗಿ ಗೋಬಿ ಮಂಚೂರಿಯನ್ನೇ ಮಾರಬಾರದು ಎಂದಿತ್ತು. ಇವುಗಳ ಪಕ್ಕದಲ್ಲಿ ಕರ್ನಾಟಕದ ಆದೇಶ ಹೆಚ್ಚು ಸರಿಯಾದದ್ದು: ತಿಂಡಿಯನ್ನು ಬಿಟ್ಟು, ತಿಂಡಿಗೆ ಬೆರೆತದ್ದನ್ನು ಹಿಡಿಯಿತು.

ಆದರೆ ಆದೇಶ ಬರುವ ಮೊದಲೂ ಗೋಬಿಗೆ ಕೃತಕ ಬಣ್ಣ ಹಾಕುವಂತಿರಲಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರದ್ದು, ಪೂರ್ತಿಯಾಗಿ ಜಾರಿಗೆ ಬಂದದ್ದು 2011ರ ಆಗಸ್ಟ್ 5ರಂದು. ಅದರಡಿ ಬಂದ 2011ರ ಸೇರ್ಪಡೆ ವಸ್ತುಗಳ ನಿಯಮಾವಳಿಯಲ್ಲಿ ಯಾವ ಆಹಾರಕ್ಕೆ ಯಾವ ಬಣ್ಣ, ಎಷ್ಟು ಎಂಬ ಪಟ್ಟಿ ಇದೆ. ಐಸ್‌ಕ್ರೀಮ್, ಪೆಪ್ಪರ್‌ಮಿಂಟು, ಕೇಕು, ಕೆಲವು ಸಿಹಿತಿಂಡಿಗಳಿಗೆ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋದಂಥವನ್ನು ಮಿತಿಯೊಳಗೆ ಹಾಕಬಹುದು. ಬೇಯಿಸಿ, ಕರಿದು ಬಡಿಸುವ ತಯಾರಿ ಆಹಾರ 16.0 ಎಂಬ ವರ್ಗಕ್ಕೆ ಸೇರುತ್ತದೆ. ಆ ವರ್ಗಕ್ಕೆ ಕೃತಕ ಬಣ್ಣ ಇಲ್ಲವೇ ಇಲ್ಲ. ಸ್ವಲ್ಪ ಹಾಕಿದರೂ ತಪ್ಪು, ಜಾಸ್ತಿ ಹಾಕಿದರೂ ತಪ್ಪು. ಹಾಗಾಗಿ ಮಾರ್ಚ್ 11ರ ಆದೇಶ ಹೊಸ ನಿಯಮ ತರಲಿಲ್ಲ, ಹನ್ನೆರಡು ವರ್ಷ ಪುಸ್ತಕದಲ್ಲಿ ಮಲಗಿದ್ದ ನಿಯಮವನ್ನು ಮೈಕಿನಲ್ಲಿ ಓದಿ ಹೇಳಿತು. ಅಷ್ಟೂ ವರ್ಷ ಗಾಡಿ ಗಾಡಿಯ ಮೇಲೆ ಎಲ್ಲರ ಕಣ್ಣೆದುರಿಗೇ ಇದ್ದ ಕೆಂಪು ಯಾಕೆ ಸಿಕ್ಕಿಬೀಳಲಿಲ್ಲ ಎಂಬುದನ್ನು ಈ ಅಧ್ಯಯನ ನೋಡುತ್ತದೆ.

ಬಣ್ಣ ಗಾಡಿಗೆ ಬರುವ ದಾರಿ

ಮೈದಾ, ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ ಕರಿದ ಹೂಕೋಸಿನ ಸಹಜ ಬಣ್ಣ ಮಾಸಲು ಕಂದು. ಗಾಡಿಯವರು ಸಾಮಾನ್ಯವಾಗಿ ಮಧ್ಯಾಹ್ನವೇ ಮನೆಯಲ್ಲಿ ಒಂದು ಸಲ ಕರಿದು ಕ್ರೇಟಿಗೆ ತುಂಬಿಕೊಂಡು ಬರುತ್ತಾರೆ. ಸಂಜೆ ಗಿರಾಕಿ ಕೇಳಿದಾಗ ಮತ್ತೊಂದು ಸಲ ಎಣ್ಣೆಗೆ ಬಿಟ್ಟು, ಈರುಳ್ಳಿ, ಬೆಳ್ಳುಳ್ಳಿ, ದೊಡ್ಡಮೆಣಸಿನಕಾಯಿ, ಸೋಯಾ ಸಾಸ್, ಚಿಲ್ಲಿ ಸಾಸ್ ಹಾಕಿ ಬಾಣಲೆಯಲ್ಲಿ ಎಗರಿಸಿ ಕೊಡುತ್ತಾರೆ. ಹೂಕೋಸಿನ ರೇಟು ಏರಿದ ದಿನ ಅದರ ಜಾಗಕ್ಕೆ ಎಲೆಕೋಸು ಬರುವುದೂ ಉಂಟು. ಎರಡು ಸಲ ಕರಿದದ್ದನ್ನೂ ಬೆಳಗಿನ ಎಣ್ಣೆಯನ್ನೂ ಎಲೆಕೋಸನ್ನೂ ಒಂದೇ ಏಟಿಗೆ ಮುಚ್ಚುವುದು ಕೆಂಪು.

ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಕೆಂಪಾಗುವುದಿಲ್ಲವೇ? ಆಗುತ್ತದೆ, ಆದರೆ ಹಿಟ್ಟಿನಲ್ಲಿ ನಿಲ್ಲುವುದಿಲ್ಲ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು. ಹಿಟ್ಟಿಗೆ ಕಲಸಿ ಕರಿದರೆ ಅರ್ಧ ಬಣ್ಣ ಬಾಣಲೆಯ ಎಣ್ಣೆಗೆ ಇಳಿಯುತ್ತದೆ, ಉಳಿದದ್ದು ಬಿಸಿಗೆ ಕರಕಲು ಕಂದಾಗುತ್ತದೆ, ಎಣ್ಣೆಯೂ ಬೇಗ ಕಪ್ಪಾಗುತ್ತದೆ. ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ನೀರಿನಲ್ಲಿ ಕರಗುವ ಬಣ್ಣಗಳು. ಎಣ್ಣೆಗೆ ಇಳಿಯದೆ ಹಿಟ್ಟಿನಲ್ಲೇ ಕೂರುತ್ತವೆ, ಕರಿಯುವ ಶಾಖವನ್ನು ತಡೆಯುತ್ತವೆ, ಎರಡನೆಯ ಸಲ ಕರಿದರೂ ಮಾಸುವುದಿಲ್ಲ. ಬೆಲೆಯಲ್ಲಂತೂ ಹೋಲಿಕೆಯೇ ಇಲ್ಲ. ಅಕ್ಕಪಕ್ಕ ಎರಡು ಗಾಡಿ ನಿಂತರೆ ಜನ ಕೆಂಪಗಿರುವ ಕಡೆಗೇ ಹೋಗುತ್ತಾರೆ ಎಂಬುದು ಇಬ್ಬರು ಗಾಡಿಯವರಿಗೂ ಗೊತ್ತು. ಒಬ್ಬ ಬಿಟ್ಟರೆ ಇನ್ನೊಬ್ಬನಿಗೆ ಲಾಭ. ಹಾಗಾಗಿ ಇದನ್ನು ಬರೀ ಒಬ್ಬಿಬ್ಬರ ಕಳ್ಳಬುದ್ಧಿ ಎಂದು ಬಗೆದರೆ ರೋಗ ಗೊತ್ತಾಗುವುದಿಲ್ಲ.

ಬಣ್ಣ ಒಳಗೆ ಬರುವ ಬಾಗಿಲುಗಳು ಮೂರು. ಹಿಟ್ಟಿಗೆ ಬೀಳುವ ಚಿಟಿಕೆ ಪುಡಿ ಎಲ್ಲರಿಗೂ ಗೊತ್ತಿರುವುದು. ದೊಡ್ಡ ಕ್ಯಾನಿನಲ್ಲಿ ಬರುವ ಅಗ್ಗದ ಚಿಲ್ಲಿ ಸಾಸ್ ಎರಡನೆಯದು. ಬಿಡಿಯಾಗಿ ಕೊಂಡ ಖಾರದ ಪುಡಿ ಮೂರನೆಯದು, ಅದಕ್ಕೇ ಮೊದಲು ಬಣ್ಣ ಸೇರಿಸಿದ್ದರೆ ಗಾಡಿಯವನಿಗೆ ತಿಳಿಯುವುದೂ ಇಲ್ಲ. "ನಾನು ಬಣ್ಣ ಹಾಕಿಲ್ಲ ಸಾರ್, ಸಾಸಲ್ಲಿ ಇತ್ತೇನೋ" ಎಂಬ ಮಾತು ಕೆಲವೊಮ್ಮೆ ನೆಪ, ಕೆಲವೊಮ್ಮೆ ನಿಜ. ತಟ್ಟೆಯಲ್ಲಿರುವ ಗೋಬಿಯನ್ನಷ್ಟೇ ಪರೀಕ್ಷೆಗೆ ಕಳಿಸಿದರೆ ಇವೆರಡರಲ್ಲಿ ಯಾವುದು ಎಂದು ಪ್ರಯೋಗಾಲಯ ಹೇಳಲಾರದು.

ಚಿಟಿಕೆಯ ಲೆಕ್ಕ

ಬಣ್ಣಕ್ಕೆ ಅನುಮತಿ ಇರುವ ಆಹಾರಗಳಲ್ಲಿ ಸಾಮಾನ್ಯ ಮಿತಿ 100 ಪಿಪಿಎಂ, ಅಂದರೆ ಕೆಜಿಗೆ 100 ಮಿಲಿಗ್ರಾಂ. ಐದಾರು ಅಕ್ಕಿಕಾಳಿನ ತೂಕ. ಬೆರಳಲ್ಲಿ ಎತ್ತುವ ಒಂದು ಚಿಟಿಕೆ ಸುಮಾರು 300 ಮಿಲಿಗ್ರಾಂ ಆಗುತ್ತದೆ, ಕಾಲು ಟೀ ಚಮಚ ಸುಮಾರು 1 ಗ್ರಾಂ. 2 ಕೆಜಿ ಗೋಬಿಗೆ ಕಾಲು ಚಮಚ ಅಪ್ಪಟ ಬಣ್ಣ ಬಿದ್ದರೆ 500 ಪಿಪಿಎಂ. ಕೈಯಳತೆಯಲ್ಲಿ ಮಿತಿ ಕಾಯುವುದು ಯಾರಿಂದಲೂ ಆಗದ ಕೆಲಸ.

ಇದನ್ನು ಮಗುವಿನ ಮೈಗೆ ಇಳಿಸಿ ನೋಡೋಣ. ಸನ್‌ಸೆಟ್ ಯೆಲ್ಲೋಗೆ ಅಂತರರಾಷ್ಟ್ರೀಯ ತಜ್ಞ ಸಮಿತಿ ಹಾಕಿರುವ ದಿನದ ಗರಿಷ್ಠ ಸೇವನೆ ಮೈತೂಕದ ಪ್ರತಿ ಕೆಜಿಗೆ 4 ಮಿಲಿಗ್ರಾಂ. 20 ಕೆಜಿಯ ಮಗುವಿಗೆ 80 ಮಿಲಿಗ್ರಾಂ. 500 ಪಿಪಿಎಂ ಇರುವ 200 ಗ್ರಾಂ ಗೋಬಿಯಲ್ಲಿ 100 ಮಿಲಿಗ್ರಾಂ ಇರುತ್ತದೆ. ಒಂದೇ ಪ್ಲೇಟಿಗೆ ದಿನದ ಪಾಲು ದಾಟಿತು. ಅಂಗಡಿಯ ಪೊಟ್ಟಣಗಳಲ್ಲಿ ಬಣ್ಣಕ್ಕೆ ಉಪ್ಪಿನಂಥ ಪದಾರ್ಥ ಬೆರೆಸಿ ತೆಳು ಮಾಡಿರುವುದೂ ಉಂಟು, ಆಗ ಈ ಲೆಕ್ಕ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಲೇಬಲ್ ಇಲ್ಲದ ಪೊಟ್ಟಣದಲ್ಲಿ ಕೊಂಡವನಿಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ.

ರೋಡಮೈನ್-ಬಿ ಬೇರೆಯೇ ಜಾತಿ. ಅದು ರೇಷ್ಮೆ, ಉಣ್ಣೆ, ಕಾಗದ, ಚರ್ಮಕ್ಕೆ ಹಾಕುವ ಹೊಳಪಿನ ಗುಲಾಬಿ ಬಣ್ಣ. ಯಾವ ಆಹಾರಕ್ಕೂ, ಯಾವ ಪ್ರಮಾಣದಲ್ಲೂ ಅನುಮತಿ ಇಲ್ಲ. "ಕ್ಯಾನ್ಸರ್ ಬಣ್ಣ" ಎಂದು ಸುದ್ದಿಯಲ್ಲಿ ಸಲೀಸಾಗಿ ಬರೆದುಬಿಟ್ಟರು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ಇಟ್ಟಿರುವುದು 3ನೇ ಗುಂಪಿನಲ್ಲಿ: ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೋ ಇಲ್ಲವೋ ಎಂದು ವರ್ಗೀಕರಿಸಲು ಪುರಾವೆ ಸಾಲದು ಎಂಬ ಗುಂಪು ಅದು. ಹಾಗೆಂದು ಅದು ನಿರಪಾಯಕಾರಿ ಎಂದಲ್ಲ. ತಿನ್ನುವುದಕ್ಕೆಂದು ಶುದ್ಧಿ ಮಾಡಿದ ವಸ್ತುವೇ ಅದಲ್ಲ. ಹೆದರಿಸುವ ಮಾತು ಬೇಗ ತಲುಪುತ್ತದೆ ನಿಜ. ಆದರೆ ಕೋರ್ಟಿನಲ್ಲಿ ಅಪಾಯ ಸಾಬೀತುಮಾಡುವ ಹೊತ್ತಿಗೆ ಇದೇ ಮಾತು ತಿರುಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. "ಅನುಮತಿ ಇಲ್ಲದ ಬಣ್ಣ" ಎಂದಷ್ಟೇ ಹೇಳಿದರೆ ಕಾನೂನಿಗೆ ಬೇಕಾದ್ದೆಲ್ಲ ಅದರಲ್ಲೇ ಇದೆ.

ಮಾದರಿ ಎತ್ತುವುದು

ಆಹಾರ ಸುರಕ್ಷತಾಧಿಕಾರಿ ಎತ್ತುವ ಮಾದರಿಗಳಲ್ಲಿ ಎರಡು ಬಗೆ. ಒಂದು ಸರ್ವೆ ಮಾದರಿ: ಮಾರುಕಟ್ಟೆಯಲ್ಲಿ ಏನಿದೆ ಎಂದು ತಿಳಿಯಲು ತರುವುದು. ಇದರ ವರದಿ ಇಟ್ಟುಕೊಂಡು ಯಾರ ಮೇಲೂ ಕೇಸು ಹಾಕಲಾಗದು. ಇನ್ನೊಂದು ಕಾನೂನು ಮಾದರಿ, ಕೇಸಿಗೆ ನಿಲ್ಲುವುದು ಇದೊಂದೇ. 171ರಲ್ಲಿ 107, ಇಷ್ಟರಲ್ಲಿ ಅಷ್ಟು ಎಂಬ ಸುದ್ದಿ ಬಂದಾಗಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದರಲ್ಲಿ ಕಾನೂನು ಮಾದರಿ ಎಷ್ಟು?

ಕಾನೂನು ಮಾದರಿಯ ಕ್ರಮ 2011ರ ನಿಯಮಗಳಲ್ಲಿ ಬಿಡಿಬಿಡಿಯಾಗಿ ಬರೆದಿದೆ. ವ್ಯಾಪಾರಿಗೆ ನಮೂನೆ 5ಎಯಲ್ಲಿ ನೋಟಿಸು ಕೊಡಬೇಕು. ಮಾದರಿಗೆ ದುಡ್ಡು ಕೊಟ್ಟು ರಸೀದಿ ಪಡೆಯಬೇಕು. ನಾಲ್ಕು ಭಾಗ ಮಾಡಬೇಕು: ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ (ಡೆಸಿಗ್ನೇಟೆಡ್ ಆಫೀಸರ್, ಆಹಾರ ಸುರಕ್ಷತಾಧಿಕಾರಿಯ ಮೇಲಿನವರು). ವ್ಯಾಪಾರಿ ಕೇಳಿದರೆ ನಾಲ್ಕನೆಯದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ, ಕೇಳದಿದ್ದರೆ ಅದೂ ಅಂಕಿತ ಅಧಿಕಾರಿಗೇ. ಒಂದೊಂದು ಭಾಗವನ್ನೂ ಒಣಗಿದ ಶುಚಿಯಾದ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ದಪ್ಪ ಕಾಗದ ಸುತ್ತಿ, ಅಂಕಿತ ಅಧಿಕಾರಿಯ ಸಹಿ ಮತ್ತು ಸಂಕೇತ ಸಂಖ್ಯೆ ಇರುವ ಚೀಟಿಯನ್ನು ತಳದಿಂದ ಮೇಲಿನವರೆಗೆ ಅಂಟಿಸಬೇಕು. ಮೇಲೆ ಹುರಿ ಬಿಗಿದು, ಗಂಟಿನ ಮೇಲೆ ಅರಗು ಸುರಿದು, ತಲೆಗೆ ಒಂದು, ತಳಕ್ಕೆ ಒಂದು, ಮೈಗೆ ಎರಡು, ಕಡಿಮೆಯೆಂದರೆ ನಾಲ್ಕು ಮೊಹರು ಒತ್ತಬೇಕು. ವ್ಯಾಪಾರಿಯ ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಸುತ್ತಿದ ಕಾಗದದ ಮೇಲೆ ಬೀಳಬೇಕು. ಮೊಹರಿನ ಅಚ್ಚು ಬೇರೆ ಲಕೋಟೆಯಲ್ಲಿ ಪ್ರಯೋಗಾಲಯಕ್ಕೆ ಹೋಗಬೇಕು, ಅಲ್ಲಿ ಎರಡನ್ನೂ ಪಕ್ಕಕ್ಕಿಟ್ಟು ತಾಳೆ ನೋಡುತ್ತಾರೆ.

ಇದನ್ನೆಲ್ಲ ಸಂಜೆ ಏಳು ಗಂಟೆಗೆ ಬಸ್‌ಸ್ಟ್ಯಾಂಡ್ ಮುಂದಿನ ಗಾಡಿಯ ಪಕ್ಕ ನಿಂತು ಮಾಡಬೇಕು. ಅರಗು ಕರಗಿಸಲು ಮೇಣದಬತ್ತಿ ಹಚ್ಚಿದರೆ ಗಾಳಿಗೆ ಆರುತ್ತದೆ. ನಾಲ್ಕು ಭಾಗಕ್ಕೆ ಒಂದು ಪ್ಲೇಟು ಸಾಲದು, ಬಾಣಲೆಯನ್ನೇ ಖಾಲಿ ಮಾಡಬೇಕು. ಬಿಸಿ ಗೋಬಿಯನ್ನು ಹಾಗೇ ಮುಚ್ಚಿದರೆ ಒಳಗೆ ಹಬೆ ನೀರಾಗಿ ಮಾರನೆಯ ದಿನಕ್ಕೆ ಹಳಸುತ್ತದೆ, ಆರಲು ಬಿಟ್ಟರೆ ಜನ ಸೇರುತ್ತಾರೆ. ಸಾಕ್ಷಿಗೆ ಒಬ್ಬರಾದರೂ ಸಹಿ ಹಾಕಬೇಕು ಎಂದರೆ ತಿನ್ನುತ್ತಿದ್ದವರೆಲ್ಲ ತಟ್ಟೆ ಇಟ್ಟು ಜಾಗ ಖಾಲಿ ಮಾಡುತ್ತಾರೆ. ಕೇಸು ಬಿದ್ದುಹೋಗುವುದು ಹೆಚ್ಚಾಗಿ ಪ್ರಯೋಗಾಲಯದಲ್ಲಲ್ಲ, ಇಲ್ಲೇ. ಮೊಹರು ಮಸುಕಾಗಿದೆ, ಸಾಕ್ಷಿ ಇಲ್ಲ, ಚೀಟಿಯ ಮೇಲೆ ಸಹಿ ಹರಿದಿದೆ ಎಂಬ ಒಂದು ಎಳೆ ಹಿಡಿದರೆ ಸಾಕು, ವಕೀಲರು ಇಡೀ ಬಟ್ಟೆ ಬಿಚ್ಚುತ್ತಾರೆ.

ಬಾಂಬೆ ಮಿಠಾಯಿಯವನದು ಇನ್ನೂ ಕಷ್ಟ. ಕೋಲಿಗೆ ಪ್ಯಾಕೆಟ್ ಸಿಕ್ಕಿಸಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋಗುವವನಿಗೆ ಅಂಗಡಿ ಇಲ್ಲ, ನೋಂದಣಿ ಇಲ್ಲ, ಹಲವೊಮ್ಮೆ ತಾನೇ ತಯಾರಿಸಿದವನೂ ಅಲ್ಲ. ನೋಟಿಸಿಗೆ ವಿಳಾಸ ಬೇಕು. ವಿಶ್ಲೇಷಕರ ವರದಿಗೆ ಕಾಯ್ದೆ ಕೊಟ್ಟಿರುವ ಅವಧಿ 14 ದಿನ. ಅಷ್ಟು ಹೊತ್ತಿಗೆ ತೇರು ಮುಗಿದು ಅವನು ಎರಡು ತಾಲೂಕು ದಾಟಿರುತ್ತಾನೆ.

ಗೋಬಿ ಗಾಡಿಗೆ ಹೋದಾಗ ತಟ್ಟೆಯ ಗೋಬಿಯೊಂದನ್ನೇ ಎತ್ತಿ ಬರುವುದು ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು. ಕಲಸಿಟ್ಟ ಹಿಟ್ಟು, ಸಾಸಿನ ಕ್ಯಾನು, ಖಾರದ ಪುಡಿ, ಗಾಡಿಯ ಕೆಳಗಿನ ಡಬ್ಬಿಯಲ್ಲಿರುವ ಬಣ್ಣದ ಪೊಟ್ಟಣ, ಇವುಗಳ ಮಾದರಿಯನ್ನೂ ಬೇರೆ ಬೇರೆ ಎತ್ತಲು ಕಾಯ್ದೆಯಲ್ಲಿ ಅಧಿಕಾರ ಇದೆ. ಹಿಟ್ಟಿನಲ್ಲಿ ಬಣ್ಣ ಇಲ್ಲ, ಸಾಸಿನಲ್ಲಿ ಇದೆ ಎಂದಾದರೆ ಕೇಸು ಗಾಡಿಯಿಂದ ಸಾಸಿನ ತಯಾರಕನ ಕಡೆ ತಿರುಗುತ್ತದೆ.

ಪ್ರಯೋಗಾಲಯದ ಉಣ್ಣೆ ಎಳೆ

ಬಣ್ಣ ಪತ್ತೆಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಹಿಟ್ಟಿನ ಪದಾರ್ಥವಾದರೆ 10 ಗ್ರಾಂನಷ್ಟನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಮಾಡಿದ 2 ಶೇಕಡಾ ಅಮೋನಿಯಾ ದ್ರಾವಣದಲ್ಲಿ ಅರೆದು, ಹಲವು ಗಂಟೆ ಬಿಟ್ಟು, ಗರಗರ ತಿರುಗಿಸುವ ಸೆಂಟ್ರಿಫ್ಯೂಜಿನಲ್ಲಿ ತಿಳಿ ತೆಗೆಯುತ್ತಾರೆ. ಎಣ್ಣೆ ಜಿಡ್ಡು ಜಾಸ್ತಿ ಇದ್ದರೆ ಮೊದಲು ಪೆಟ್ರೋಲಿಯಂ ಈಥರಿನಲ್ಲಿ ಜಿಡ್ಡು ಬಿಡಿಸಬೇಕು, ಗೋಬಿಗೆ ಇದು ಬೇಕೇ ಬೇಕು. ಅನುಮತಿ ಇರುವ ನೀರಿನ ಬಣ್ಣಗಳೆಲ್ಲ ಆಮ್ಲ ಗುಣದವು. ತಿಳಿಯನ್ನು ಹುಳಿಯಾಗಿಸಿ ಬಿಳಿ ಉಣ್ಣೆಯ ಎಳೆ ಹಾಕಿ ಕುದಿಸಿದರೆ ಬಣ್ಣ ಉಣ್ಣೆಗೆ ಹತ್ತುತ್ತದೆ. ಆ ಎಳೆಯನ್ನು ತೊಳೆದು ಅಮೋನಿಯಾ ನೀರಿನಲ್ಲಿ ಕಾಯಿಸಿದರೆ ಬಣ್ಣ ಬಿಡುತ್ತದೆ. ಅರಿಸಿನ, ಮೆಣಸಿನಕಾಯಿಯ ಸಹಜ ಬಣ್ಣಗಳು ಹೀಗೆ ಹತ್ತಿ ಬಿಡುವ ಆಟ ಆಡುವುದಿಲ್ಲ. ಬಿಟ್ಟ ಬಣ್ಣವನ್ನು ಕ್ರೊಮ್ಯಾಟೊಗ್ರಫಿ ಕಾಗದದ ಮೇಲೆ ಚುಕ್ಕಿ ಇಟ್ಟು ಹರಿಸಿ, ಗೊತ್ತಿರುವ ಬಣ್ಣದ ಚುಕ್ಕಿಯ ಜೊತೆ ಹೋಲಿಸಿದರೆ ಹೆಸರು ಸಿಗುತ್ತದೆ. ಎಷ್ಟಿದೆ ಎಂದು ಅಳೆಯಲು ಬೆಳಕನ್ನು ಎಷ್ಟು ಹೀರುತ್ತದೆ ಎಂದು ನೋಡುವ ಸ್ಪೆಕ್ಟ್ರೋಫೋಟೋಮೀಟರ್ ಇಲ್ಲವೇ ಬಣ್ಣಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ.

ಪ್ರತ್ಯಾಮ್ಲ ಗುಣದ ಬಣ್ಣಗಳದು ಇದರ ತಿರುಗುಮುರುಗು: ಅಮೋನಿಯಾದಲ್ಲಿ ಉಣ್ಣೆಗೆ ಹತ್ತಿ, ಅಸಿಟಿಕ್ ಆಮ್ಲದಲ್ಲಿ ಬಿಡುತ್ತವೆ. ಹೀಗಾಯಿತೆಂದರೆ ಅನುಮತಿ ಇಲ್ಲದ ಬಣ್ಣ ಇದೆ ಎಂದೇ ಅರ್ಥ, ಯಾಕೆಂದರೆ ಅನುಮತಿ ಪಟ್ಟಿಯಲ್ಲಿ ಆ ಜಾತಿಯದು ಒಂದೂ ಇಲ್ಲ. ರೋಡಮೈನ್-ಬಿ ನೇರಳಾತೀತ ಬೆಳಕಿನಲ್ಲಿ ಕಿತ್ತಳೆಯಾಗಿ ಹೊಳೆದು ತನ್ನ ಗುರುತನ್ನು ತಾನೇ ಹೇಳುತ್ತದೆ.

ವಿಧಾನ ಸರಳ ಎಂದರೆ ವ್ಯವಸ್ಥೆ ಸಲೀಸು ಎಂದಲ್ಲ. ಮಹಾಲೇಖಪಾಲರ 2017ರ ವರದಿಯ ಪ್ರಕಾರ ದೇಶದ 72 ರಾಜ್ಯ ಆಹಾರ ಪ್ರಯೋಗಾಲಯಗಳಲ್ಲಿ 65ಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರಲಿಲ್ಲ. ಮಾನ್ಯತೆ ಇಲ್ಲದ ಕಡೆಯಿಂದ ಬಂದ ವರದಿಯನ್ನು ಕೋರ್ಟಿನಲ್ಲಿ ಅಲ್ಲಾಡಿಸುವುದು ಸುಲಭ. ವರದಿ ಒಪ್ಪದ ವ್ಯಾಪಾರಿಗೆ 30 ದಿನದೊಳಗೆ ಅಂಕಿತ ಅಧಿಕಾರಿಯ ಮುಂದೆ ಮೇಲ್ಮನವಿ ಹಾಕುವ ಹಕ್ಕೂ ಇದೆ. ಆಗ ಇನ್ನೊಂದು ಭಾಗ ಮರುಪರೀಕ್ಷೆಗೆಂದು ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಅಂಥ ಒಂದು ಪ್ರಯೋಗಾಲಯ. ಅಲ್ಲಿ ಬಂದ ಫಲಿತಾಂಶವೇ ಕಡೆಯ ಮಾತು. ಬೇಯಿಸಿದ ಆಹಾರದ ಆ ಎರಡನೆಯ ಭಾಗ ಅಷ್ಟು ದಿನ ಎಲ್ಲಿ, ಎಷ್ಟು ತಣ್ಣಗಿತ್ತು ಎಂಬುದರ ಮೇಲೆ ಕೇಸಿನ ಜೀವ ನಿಂತಿರುತ್ತದೆ.

ಏಳು ವರ್ಷ ಎಲ್ಲಿಂದ ಬಂತು

ಘೋಷಣೆಯ ದಿನ ಜನರ ನಾಲಿಗೆಯ ಮೇಲೆ ಕೂತದ್ದು ಜೀವಾವಧಿ ಎಂಬ ಪದ. ಅಸುರಕ್ಷಿತ ಆಹಾರಕ್ಕೆ ಶಿಕ್ಷೆ ಹೇಳುವುದು ಕಾಯ್ದೆಯ ಸೆಕ್ಷನ್ 59. ಅದರಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಯಾರಿಗೂ ಗಾಯ, ಹಾನಿ ಆಗಿಲ್ಲದಿದ್ದರೆ ಮೊದಲು ಇದ್ದದ್ದು 6 ತಿಂಗಳವರೆಗೆ ಜೈಲು, 1 ಲಕ್ಷದವರೆಗೆ ದಂಡ. 2023ರ ಜನ ವಿಶ್ವಾಸ್ ತಿದ್ದುಪಡಿ ಕಾಯ್ದೆ ಇದನ್ನು 3 ತಿಂಗಳು, 3 ಲಕ್ಷ ಎಂದು ಬದಲಿಸಿತು. ಸಣ್ಣ ಹಾನಿಯಾದರೆ 1 ವರ್ಷ, 3 ಲಕ್ಷ. ಗಂಭೀರ ಹಾನಿಯಾದರೆ 6 ವರ್ಷ, 5 ಲಕ್ಷ. ಸಾವು ಸಂಭವಿಸಿದರೆ ಮಾತ್ರ 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿವರೆಗಿನ ಶಿಕ್ಷೆ, 10 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ.

ಒಂದು ಪ್ಲೇಟು ಗೋಬಿಯ ಬಣ್ಣದಿಂದ ಇಂಥವರಿಗೆ ಇಂಥ ಹಾನಿ ಆಯಿತು ಎಂದು ತೋರಿಸುವುದು ಹೆಚ್ಚುಕಡಿಮೆ ಅಸಾಧ್ಯ. ಬಣ್ಣದ ಕೇಸು ಬಂದು ನಿಲ್ಲುವುದು ಮೊದಲ ಮೆಟ್ಟಿಲಲ್ಲಿ. ಕಡೆಯ ಮೆಟ್ಟಿಲನ್ನು ತೋರಿಸಿ ಹೆದರಿಸಿ, ಮೊದಲ ಮೆಟ್ಟಿಲಲ್ಲಿ ಕೇಸು ನಡೆಸಿದಾಗ ಎರಡು ವಾರಕ್ಕೇ ಬೀದಿಗೆ ಗುಟ್ಟು ಗೊತ್ತಾಗಿಬಿಡುತ್ತದೆ.

ಇನ್ನೂ ಒಂದು ವಿಚಿತ್ರ ಇದೆ. ಗುಣಮಟ್ಟ ಕಡಿಮೆ, ಲೇಬಲ್ ತಪ್ಪು, ಕೊಳಕು ಜಾಗ ಇಂಥ ತಪ್ಪುಗಳಿಗೆ ಬರೀ ದಂಡ. ಅವನ್ನು ಅಪರ ಜಿಲ್ಲಾಧಿಕಾರಿ ದರ್ಜೆಯ ನ್ಯಾಯನಿರ್ಣಯ ಅಧಿಕಾರಿಯೇ ಮುಗಿಸಬಹುದು. ಗಾಡಿಯವರು, ತಲೆಹೊರೆ ವ್ಯಾಪಾರಿಗಳಾದರೆ ಸೆಕ್ಷನ್ 69ರಲ್ಲಿ 1 ಲಕ್ಷದೊಳಗಿನ ಮೊತ್ತ ಕಟ್ಟಿ ರಾಜಿಯಾಗಲೂ ಬಹುದು. ಬಣ್ಣದ ಆಹಾರ "ಅಸುರಕ್ಷಿತ" ವ್ಯಾಖ್ಯೆಗೆ ಬೀಳುವುದರಿಂದ ಜೈಲಿನ ಅಪರಾಧ. ಜೈಲಿನ ಅಪರಾಧಕ್ಕೆ ರಾಜಿ ಇಲ್ಲ. ಅಂಕಿತ ಅಧಿಕಾರಿ ವರದಿ ಪರಿಶೀಲಿಸಿ 14 ದಿನದೊಳಗೆ ಆಹಾರ ಸುರಕ್ಷತಾ ಆಯುಕ್ತರಿಗೆ ಶಿಫಾರಸು ಕಳಿಸಬೇಕು, ಆಯುಕ್ತರು ಅನುಮತಿ ಕೊಡಬೇಕು, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟು. ಅಪರಾಧ ನಡೆದ ದಿನದಿಂದ 1 ವರ್ಷದೊಳಗೆ ಕೋರ್ಟು ಮುಟ್ಟದಿದ್ದರೆ ಕಾಲಮಿತಿ ಮುಗಿಯಿತು. ಆಯುಕ್ತರು ಕಾರಣ ಬರೆದು ಒಪ್ಪಿದರೆ 3 ವರ್ಷದವರೆಗೆ ಎಳೆಯಬಹುದು. ಅಂದರೆ ಸಣ್ಣ ತಪ್ಪಿಗೆ ಹತ್ತಿರದ ದಾರಿ, ದೊಡ್ಡ ತಪ್ಪಿಗೆ ಬಳಸು ದಾರಿ. ಕೆಲಸದ ಹೊರೆ ಹೊತ್ತ ಅಧಿಕಾರಿ ಯಾವುದನ್ನು ಹಿಡಿಯುತ್ತಾರೆ ಎಂದು ಊಹಿಸಲು ಪಂಚಾಂಗ ಬೇಡ.

ಆಮೇಲೆ ಬಂದ ಪಟ್ಟಿ

ಗೋಬಿಯ ನಂತರ ಇಲಾಖೆ ಒಂದೊಂದೇ ತಿಂಡಿಯನ್ನು ಕೈಗೆತ್ತಿಕೊಂಡಿತು. 2024ರ ಜೂನ್‌ನಲ್ಲಿ ಕಬಾಬ್: 39 ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್. ಕೋಳಿ, ಮೀನು, ತರಕಾರಿ ಕಬಾಬ್‌ಗಳಿಗೂ ಬಣ್ಣ ಕೂಡದು ಎಂಬ ಆದೇಶ ಬಂತು. ಪಾನಿಪುರಿಯ 260 ಮಾದರಿಗಳಲ್ಲಿ 41ರಲ್ಲಿ ಬಣ್ಣ ಸಿಕ್ಕಿತು, ಇನ್ನೂ 18 ತಿನ್ನಲು ಯೋಗ್ಯವಲ್ಲ ಎಂದಾಯಿತು. ಅಕ್ಟೋಬರ್ ಹೊತ್ತಿಗೆ ಕೇಕ್: 235ರಲ್ಲಿ 12.

ಶೇಕಡಾವಾರು ನೋಡಿದರೆ ಗೋಬಿ 62.6, ಕಬಾಬ್ 20.5, ಪಾನಿಪುರಿ 15.8, ಕೇಕ್ 5.1. ಇಳಿಯುತ್ತಿದೆ ಎಂದು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಇವು ಬೇರೆ ಬೇರೆ ತಿಂಡಿಗಳು, ಮಾದರಿ ಎತ್ತಿದ್ದು ಚೀಟಿ ಎತ್ತಿದಂತೆ ಅಲ್ಲ, ಸಂಶಯ ಬಂದ ಕಡೆ ಅಧಿಕಾರಿ ಹೆಚ್ಚು ಕೈಹಾಕುತ್ತಾರೆ. ಕೇಕಿನ ಸಂಖ್ಯೆ ಮೊದಲಿಗೇ ಬೇರೆ ಲೆಕ್ಕ, ಅದರಲ್ಲಿ ಬಣ್ಣಕ್ಕೆ ಮಿತಿಯೊಳಗೆ ಅನುಮತಿ ಇದೆ, ಮಿತಿ ಮೀರಿದರೆ ಮಾತ್ರ ತಪ್ಪು. ನಿಷೇಧ ಫಲ ಕೊಟ್ಟಿತೇ ಎಂದು ತಿಳಿಯುವ ದಾರಿ ಒಂದೇ: ಅದೇ ಊರುಗಳಲ್ಲಿ, ಅದೇ ಬಗೆಯ ಗಾಡಿಗಳಲ್ಲಿ, ಆರು ತಿಂಗಳ ನಂತರ ಮತ್ತೆ ಗೋಬಿಯನ್ನೇ ಎತ್ತುವುದು. ತಿಂಡಿಯಿಂದ ತಿಂಡಿಗೆ ಹಾರಿದರೆ ಪ್ರತಿಸಲವೂ ಹೊಸ ಸುದ್ದಿಯಾಗುತ್ತದೆ, ಹಳೆಯ ಸುದ್ದಿಗೆ ಉತ್ತರ ಸಿಗುವುದಿಲ್ಲ.

ಗಾಡಿಯವರಿಗೆ ಹೇಳಬಹುದಾದ ಅಡುಗೆ

ಬಣ್ಣ ಬಿಡಿ ಎಂದಷ್ಟೇ ಹೇಳಿ ಬಂದರೆ ಸಾಲದು, ಕೆಂಪು ಬೇರೆ ಎಲ್ಲಿಂದ ಬರಬೇಕು ಎಂದೂ ಹೇಳಬೇಕು. ಮೊದಲೇ ಹೇಳಿದಂತೆ ಮೆಣಸಿನಕಾಯಿಯ ಕೆಂಪು ಹಿಟ್ಟಿಗಲ್ಲ, ಎಗರಿಸುವ ಹಂತಕ್ಕೆ. 1 ಕೆಜಿ ಕರಿದ ಗೋಬಿಗೆ 25ರಿಂದ 30 ಗ್ರಾಂ ಬ್ಯಾಡಗಿ ಮೆಣಸಿನಕಾಯಿ. ಬೀಜ ಉದುರಿಸಿ, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಬೆಳ್ಳುಳ್ಳಿ, ಒಂದು ಚಮಚ ವಿನಿಗರ್ ಸೇರಿಸಿ ನುಣ್ಣಗೆ ಅರೆಯಬೇಕು. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಈ ಪೇಸ್ಟನ್ನು ಎಣ್ಣೆ ಬಿಡುವವರೆಗೆ ಬಾಡಿಸಿದರೆ ಕೆಂಪು ಎಣ್ಣೆಗೆ ಇಳಿದು, ಆ ಎಣ್ಣೆ ಗೋಬಿಯ ಮೈಗೆ ಮೆತ್ತುತ್ತದೆ. ದೊಡ್ಡ ಉರಿಗೆ ಹಾಕಿದರೆ ಅರೆನಿಮಿಷದಲ್ಲಿ ಕಪ್ಪು. ಸೋಯಾ ಸಾಸನ್ನು ಅರ್ಧಕ್ಕೆ ಇಳಿಸಬೇಕು, ಕೆಂಪನ್ನು ಮಂಕು ಮಾಡುವುದೇ ಅದು. ಬರುವ ಬಣ್ಣ ಇಟ್ಟಿಗೆ ಕೆಂಪು, ಟ್ರಾಫಿಕ್ ಸಿಗ್ನಲ್ಲಿನ ಕೆಂಪಲ್ಲ.

ತಿನ್ನುವವರಿಗೆ ಒಂದು ಸುಳಿವು. ಪ್ಲೇಟಿನಲ್ಲಿ ಉಳಿದ ಮಸಾಲೆಗೆ ಗಾಜಿನ ಲೋಟದಲ್ಲಿ ನೀರು ಹಾಕಿ ಅಲ್ಲಾಡಿಸಿ ಐದು ನಿಮಿಷ ಬಿಡಿ. ಮೆಣಸಿನಕಾಯಿಯ ಕೆಂಪಾದರೆ ಮೇಲೆ ತೇಲುವ ಎಣ್ಣೆ ಕೆಂಪಗೆ, ಕೆಳಗಿನ ನೀರು ಮಬ್ಬಾಗಿ ಇರುತ್ತದೆ. ನೀರೇ ಶರಬತ್ತಿನಂತೆ ತಿಳಿಯಾಗಿ ಕಿತ್ತಳೆ ಕೆಂಪಾದರೆ ಸಂಶಯ ಪಡಬಹುದು. ಬೀಟ್‌ರೂಟ್ ಹಾಕಿದ್ದರೂ ಹೀಗೇ ಆಗುತ್ತದೆ, ಆದ್ದರಿಂದ ಇದು ಸುಳಿವು ಅಷ್ಟೇ, ಪುರಾವೆಯಲ್ಲ. ಪುರಾವೆ ಬೇಕಿದ್ದರೆ ಸೆಕ್ಷನ್ 40 ಇದೆ: ಕೊಳ್ಳುವಾಗಲೇ ವ್ಯಾಪಾರಿಗೆ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಎಂದು ತಿಳಿಸಿ, ಶುಲ್ಕ ಕಟ್ಟಿ ಯಾರು ಬೇಕಾದರೂ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾಯ್ದೆಗೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸು ಸಿಗುತ್ತದೆ.

ಪೊಟ್ಟಣ ಮಾರುವ ಅಂಗಡಿ

ಇಡೀ ಪ್ರಕರಣದಲ್ಲಿ ಬೆಳಕು ಬಿದ್ದದ್ದು ಸರಪಳಿಯ ಕಟ್ಟಕಡೆಯವನ ಮೇಲೆ. ಅವನ ಗಾಡಿಗೆ ಪೊಟ್ಟಣ ಬಂದದ್ದು ಪೇಟೆಯ ಯಾವುದೋ ಕಿರಾಣಿ ಇಲ್ಲವೇ ಬೇಕರಿ ಸಾಮಾನಿನ ಅಂಗಡಿಯಿಂದ. ಆಹಾರದ ಬಣ್ಣವೂ ಕಾಯ್ದೆಯಡಿ ಆಹಾರವೇ. ಪೊಟ್ಟಣದ ಮೇಲೆ ಆಹಾರ ಬಣ್ಣ ಎಂಬ ಮಾತು, ಬಣ್ಣದ ಹೆಸರು, ಬಣ್ಣವನ್ನು ಗುರುತಿಸುವ ಕಲರ್ ಇಂಡೆಕ್ಸ್ ಸಂಖ್ಯೆ, ತಯಾರಕನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಬೇಕು. ಸೆಕ್ಷನ್ 26ರ ಪ್ರಕಾರ ವ್ಯಾಪಾರಿ ವ್ಯಾಪಾರಿಗೆ ಮಾರುವಾಗ ಲಿಖಿತ ಖಾತರಿ ಕೊಡಬೇಕು, ಬಿಲ್ ಕೊಟ್ಟರೆ ಅದೇ ಖಾತರಿ. ಬಿಲ್ ಇದ್ದರೆ ಗಾಡಿಯವನು "ಇವರಿಂದ ಕೊಂಡೆ" ಎಂದು ತೋರಿಸಿ ಮೇಲಿನವನನ್ನು ಕೇಸಿಗೆ ಎಳೆಯಬಹುದು. ಡಬ್ಬದಿಂದ ಚಮಚದಲ್ಲಿ ತೆಗೆದು ಕಾಗದಕ್ಕೆ ಕಟ್ಟಿಕೊಟ್ಟ ಪುಡಿಗೆ ಬಿಲ್ ಎಲ್ಲಿಂದ ಬರಬೇಕು? ರೋಡಮೈನ್-ಬಿ ಬಟ್ಟೆ ಬಣ್ಣದ ಅಂಗಡಿಯಿಂದ ಬಂದಿದ್ದರಂತೂ, ಅದನ್ನು ಬಟ್ಟೆ ಬಣ್ಣ ಎಂದೇ ಮಾರಿರುವವರೆಗೆ ಆಹಾರ ಸುರಕ್ಷತಾಧಿಕಾರಿ ಆ ಅಂಗಡಿಯ ಹೊಸ್ತಿಲು ದಾಟುವಂತಿಲ್ಲ.

ಗಾಡಿಗೆ ಹೋಲಿಸಿದರೆ ಪೇಟೆ ಅಂಗಡಿಯಲ್ಲಿ ಮಾದರಿ ಎತ್ತುವುದು ಎಷ್ಟೋ ಸುಲಭ. ಅದಕ್ಕೆ ಬಾಗಿಲು ಇದೆ, ಬೋರ್ಡು ಇದೆ, ಲೈಸೆನ್ಸ್ ಇದೆ, ಮಾಲೀಕ ಹಗಲು ಹನ್ನೊಂದಕ್ಕೆ ಗಲ್ಲಾದ ಮೇಲೆ ಕೂತಿರುತ್ತಾನೆ. ಪುಡಿ ಹಳಸುವುದಿಲ್ಲ, ಐಸ್ ಪೆಟ್ಟಿಗೆ ಬೇಡ, ನಾಲ್ಕು ಭಾಗಕ್ಕೆ ಬಾಣಲೆ ಖಾಲಿ ಮಾಡಬೇಕಿಲ್ಲ, ಅರಗಿನ ಮೇಣದಬತ್ತಿ ಗಾಳಿಗೆ ಆರುವುದಿಲ್ಲ. ಅಲ್ಲಿ ಸಿಕ್ಕ ಒಂದು ಲೇಬಲ್ ಇಲ್ಲದ ಡಬ್ಬದ ಹಿಂದೆ ಐವತ್ತು ಗಾಡಿಗಳು ಇರಬಹುದು.